ಜಪಾನಿನ ಹಳೆಯ ಕತ್ತಿಯನ್ನು ಎಲ್ಲಿಂದ ಕೊಳ್ಳಬೇಕು? ನಾಲ್ಕು ದಾರಿಗಳ ಹೋಲಿಕೆ

ನಮ್ಮ ಮನೆಗೆ ಬಂದು ಕತ್ತಿ ನೋಡಿದವರು ಮೊದಲು ಬೆಲೆ ಕೇಳುತ್ತಾರೆ. ಆಮೇಲೆ ಕೇಳುವುದು, "ಎಲ್ಲಿಂದ ತರಿಸಿದ್ರಿ? ನಾನೂ ಒಂದು ತರಿಸ್ಬೇಕು" ಅಂತ. ಎರಡನೇ ಪ್ರಶ್ನೆಗೆ ಒಂದೇ ಮಾತಲ್ಲಿ ಉತ್ತರ ಹೇಳೋಕೆ ಆಗಲ್ಲ. ಜಪಾನಿನ ಅಂಗಡಿ ಇದೆ. ನಾವಿರುವ ದೇಶದ ವ್ಯಾಪಾರಿ ಇದ್ದಾನೆ. ಆನ್‌ಲೈನ್ ಹರಾಜು ಇದೆ. ದೊಡ್ಡ ಹರಾಜು ಸಂಸ್ಥೆಗಳಿವೆ. ನಾನು ನಾಲ್ಕನ್ನೂ ಹತ್ತಿರದಿಂದ ನೋಡಿದ್ದೇನೆ. ಟೋಕಿಯೊದಲ್ಲಿ ಕೆಲಸದ ಮೇಲೆ ಕೆಲವು ವರ್ಷ ಇದ್ದಾಗ ಈ ಗೀಳು ಹತ್ತಿತು. ಈಗ ಕ್ಯಾಲಿಫೋರ್ನಿಯಾದಲ್ಲಿ ಕೂತು ಅದನ್ನು ಮುಂದುವರಿಸಿದ್ದೇನೆ.

ಈ ನಾಲ್ಕನ್ನೂ ನಾನು ಅಳೆಯುವುದು ಒಂದೇ ಪ್ರಶ್ನೆಯಿಂದ. ಕತ್ತಿ ಕೈಗೆ ಬಂದ ಮೇಲೆ ಏನೋ ಸರಿಯಿಲ್ಲ ಅಂತ ಗೊತ್ತಾದರೆ, ವಾಪಸ್ ಕೊಡೋಕೆ ದಾರಿ ಇದೆಯಾ? ಬೆಲೆ, ಹೆಸರು, ಕಾಲ ಎಲ್ಲ ಆಮೇಲೆ. ಯಾಕೆ ಅಂದರೆ ಕತ್ತಿಯನ್ನು ಫೋಟೋದಲ್ಲಿ ಪೂರ್ತಿ ನೋಡೋಕೆ ಆಗಲ್ಲ. ಅದು ನನಗೆ ಗೊತ್ತಾಗಿದ್ದು ಮೊದಲ ಕತ್ತಿಯಿಂದಲೇ.

ಅದೊಂದು ವಾಕಿಝಾಶಿ. ಅಂದರೆ ಗಿಡ್ಡ ಕತ್ತಿ. ಜಪಾನಿನ ಆನ್‌ಲೈನ್ ಹರಾಜಿನಲ್ಲಿ, ಮಧ್ಯವರ್ತಿ ಮೂಲಕ ಕೊಂಡೆ. ಹಿಡಿಯೊಳಗೆ ಹೋಗುವ ಬಾಲದ ಮೇಲೆ ಸುಕೆಹಿರೊ ಅಂತ ಹೆಸರು ಕೆತ್ತಿತ್ತು. ಸುಕೆಹಿರೊ 17ನೇ ಶತಮಾನದ ಒಸಾಕಾದ ದೊಡ್ಡ ಕಮ್ಮಾರ. ಉಕ್ಕನ್ನು ಹದ ಮಾಡುವಾಗ ಅಲಗಿನ ಮೇಲೆ ಒಂದು ಗೆರೆ ಮೂಡುತ್ತದೆ. ಸಮುದ್ರದ ಅಲೆ ಎದ್ದು ಬಿದ್ದ ಹಾಗೆ ಕಾಣುವ ಹದದ ಗೆರೆಗೆ ಹೆಸರಾದವನು. ಫೋಟೋದಲ್ಲಿ ಅಲೆಗಳು ಇದ್ದವು. ಬೆಲೆಯೂ ಕೈಗೆಟುಕುವ ಹಾಗಿತ್ತು. ಆ ಬೆಲೆಯನ್ನು ನೋಡಿಯೇ ನಾನು ಅನುಮಾನ ಪಡಬೇಕಿತ್ತು.

ಎರಡು ತಿಂಗಳಾದ ಮೇಲೆ ಅದನ್ನು ಒಂದು ಕತ್ತಿ ಮೇಳಕ್ಕೆ ತಗೊಂಡು ಹೋದೆ. ಅಲ್ಲಿ ವಯಸ್ಸಾದ ಸಂಗ್ರಾಹಕರೊಬ್ಬರು ಅದನ್ನು ಕೈಗೆ ತಗೊಂಡು, ಮೇಜಿನ ದೀಪದ ಕಡೆ ಮೊನೆ ಮಾಡಿ, ನಿಧಾನವಾಗಿ ಓರೆ ಮಾಡಿದರು. ಹೆಸರನ್ನು ನೋಡಲೇ ಇಲ್ಲ. ಮೊನೆಯಿಂದ ನಾಲ್ಕು ಬೆರಳು ಕೆಳಗೆ ಒಂದು ಕಡೆ ನಿಂತು, ನನ್ನ ಕಡೆ ತಿರುಗಿಸಿದರು. ಕತ್ತಿಯ ಹರಿತವಾದ ಬಾಯಿಯ ಅಂಚಿನಿಂದ ಒಳಕ್ಕೆ, ತಲೆಕೂದಲಿಗಿಂತ ತೆಳ್ಳಗೆ, ಒಂದು ಕಪ್ಪು ಗೆರೆ. ಐದಾರು ಮಿಲಿಮೀಟರ್ ಇರಬಹುದು. ಇದಕ್ಕೆ ಹಾಗಿರೆ ಅನ್ನುತ್ತಾರೆ. ಬಾಯಿಗೆ ಅಡ್ಡವಾಗಿ ಬಿಟ್ಟ ಬಿರುಕು. ಕತ್ತಿಗೆ ಬರುವ ದೋಷಗಳಲ್ಲಿ ಇದೇ ದೊಡ್ಡದು, ಇದಕ್ಕೆ ರಿಪೇರಿ ಇಲ್ಲ. ಹೆಸರೂ ಸುಳ್ಳೇ ಆಗಿತ್ತು. ಹರಾಜಿನ ಪುಟದಲ್ಲಿ ಜಪಾನಿ ಭಾಷೆಯಲ್ಲಿ ಬರೆದಿತ್ತಂತೆ, ಯಾವ ದೂರನ್ನೂ ತಗೊಳ್ಳಲ್ಲ, ವಾಪಸ್ ಇಲ್ಲ ಅಂತ. ಮಧ್ಯವರ್ತಿಯ ಅನುವಾದದಲ್ಲಿ ಆ ಸಾಲು ಇರಲೇ ಇಲ್ಲ.

ಆ ಕತ್ತಿ ಈಗಲೂ ನನ್ನ ಹತ್ತಿರ ಇದೆ. ಹೊಸಬರು ಬಂದರೆ ಮೊದಲು ಅದನ್ನೇ ತೋರಿಸುತ್ತೇನೆ. ಬಿರುಕು ಹುಡುಕೋದು ಹೇಗೆ ಅಂತ ಕಲಿಯೋಕೆ ಅದಕ್ಕಿಂತ ಒಳ್ಳೆಯದು ಸಿಗಲ್ಲ.

ಎರಡು ಕಾಗದ, ಎರಡು ಬೇರೆ ಅರ್ಥ

ದಾರಿಗಳನ್ನು ಹೋಲಿಸುವ ಮೊದಲು ಇದನ್ನು ತಿಳಿದುಕೊಳ್ಳಲೇಬೇಕು. ಕತ್ತಿಯ ಜೊತೆ ಎರಡು ಥರದ ಕಾಗದ ಬರಬಹುದು. ಇವೆರಡನ್ನೂ ಒಂದೇ ಅಂದುಕೊಂಡು ಮೋಸ ಹೋದವರು ತುಂಬಾ ಜನ.

ಮೊದಲನೆಯದು ತೊರೊಕುಶೊ. ಇದು ಜಪಾನ್ ಸರ್ಕಾರದ ನೋಂದಣಿ ಪತ್ರ. ಆಯಾ ಪ್ರಾಂತ್ಯದ ಶಿಕ್ಷಣ ಮಂಡಳಿ ಕೊಡುತ್ತದೆ. ಇದಿಲ್ಲದೆ ಜಪಾನಿನಲ್ಲಿ ಯಾರೂ ಕತ್ತಿ ಇಟ್ಟುಕೊಳ್ಳುವಂತಿಲ್ಲ. ಕತ್ತಿ ಕೈ ಬದಲಾದರೆ 20 ದಿನದೊಳಗೆ ತಿಳಿಸಬೇಕು. ಅದರಲ್ಲಿ ಕತ್ತಿಯ ಉದ್ದ, ಬಾಗು, ಬಾಲದಲ್ಲಿ ಎಷ್ಟು ತೂತಿದೆ, ಯಾವ ಹೆಸರು ಕೆತ್ತಿದೆ ಅಂತ ಬರೆದಿರುತ್ತದೆ, ಅಷ್ಟೇ. ಆ ಹೆಸರು ನಿಜವೋ ಸುಳ್ಳೋ ಅಂತ ಅದು ಹೇಳುವುದಿಲ್ಲ. ಅದನ್ನು ವಾಹನದ ಆರ್‌ಸಿ ಪುಸ್ತಕ ಅಂದುಕೊಳ್ಳಿ. ಗಾಡಿಯ ನಂಬರ್ ಇರುತ್ತದೆ, ಎಂಜಿನ್ ಹೇಗಿದೆ ಅಂತ ಇರಲ್ಲ. ನನ್ನ ಸುಳ್ಳು ಸುಕೆಹಿರೊಗೂ ತೊರೊಕುಶೊ ಇತ್ತು. ಕೆಲವು ಮಾರಾಟಗಾರರು "1951ರ ನೋಂದಣಿ, ಹಳೇ ಅರಸು ಮನೆತನದ ಸಂಗ್ರಹ ಇರಬೇಕು" ಅಂತ ಎತ್ತಿ ಹೇಳುತ್ತಾರೆ. ನೋಂದಣಿ ಶುರುವಾದಾಗ ದೊಡ್ಡ ಮನೆತನಗಳು ಮೊದಮೊದಲೇ ನೋಂದಾಯಿಸಿದ್ದು ನಿಜ. ಆದರೆ ಆ ವರ್ಷ ನೋಂದಣಿಯಾದದ್ದೆಲ್ಲ ಅರಮನೆಯದಲ್ಲ.

ಎರಡನೆಯದು ತಜ್ಞರ ಪರೀಕ್ಷೆಯ ಕಾಗದ. ಇದರಲ್ಲಿ ಜಾಸ್ತಿ ನಡೆಯುವುದು ಎನ್‌ಬಿಟಿಎಚ್‌ಕೆ ಅನ್ನುವ ಸಂಸ್ಥೆಯದು. 1948ರಲ್ಲಿ ಶುರುವಾದ ಕತ್ತಿ ಸಂರಕ್ಷಣಾ ಸಂಘ ಅದು. ಟೋಕಿಯೊದ ರ್ಯೋಗೊಕುವಿನಲ್ಲಿರುವ ಕತ್ತಿ ಮ್ಯೂಸಿಯಂ ಇವರದೇ. 2018ರಲ್ಲಿ ಯೊಯೊಗಿಯಿಂದ ಅಲ್ಲಿಗೆ ಬಂತು. ಟೋಕಿಯೊಗೆ ಹೋದರೆ ಬೇರೇನು ಬಿಟ್ಟರೂ ಅದನ್ನು ಬಿಡಬೇಡಿ. ಇವರ ಕಾಗದದಲ್ಲಿ ನಾಲ್ಕು ಮೆಟ್ಟಿಲು. ಹೊಝೊನ್, ತೊಕುಬೆತ್ಸು ಹೊಝೊನ್, ಜೂಯೊ, ತೊಕುಬೆತ್ಸು ಜೂಯೊ. ಮೊದಲ ಎರಡು ನಮ್ಮಂಥವರ ಕೈಗೆ ಸಿಗುವಂಥವು. ಜೂಯೊ ಅಂದರೆ ಬೆಲೆ ಹತ್ತಾರು ಲಕ್ಷ ಯೆನ್‌ಗೆ ಹೋಗುತ್ತದೆ.

1982ಕ್ಕಿಂತ ಮುಂಚೆ ಇದೇ ಸಂಸ್ಥೆ ಕಿಚೊ ಅನ್ನುವ ಬೇರೆ ಥರದ ಕಾಗದ ಕೊಡುತ್ತಿತ್ತು. ಆ ಹಳೇ ಕಾಗದಗಳ ಮೇಲೆ ಈಗ ಅಷ್ಟು ನಂಬಿಕೆ ಇಲ್ಲ. ದೊಡ್ಡ ಹೆಸರಿನ ಕತ್ತಿಗೆ ಹಳೇ ಕಾಗದ ಮಾತ್ರ ಇದ್ದರೆ ನನಗೆ ಬರುವ ಮೊದಲ ಪ್ರಶ್ನೆ, ಇಷ್ಟು ವರ್ಷದಲ್ಲಿ ಹೊಸ ಪರೀಕ್ಷೆಗೆ ಯಾಕೆ ಕಳಿಸಲಿಲ್ಲ? ಕಳಿಸಿ ಫೇಲಾಗಿದೆ ಅನ್ನುವುದೇ ಎಷ್ಟೋ ಸಲ ಉತ್ತರ. ಎನ್‌ಬಿಟಿಎಚ್‌ಕೆ ಸುಳ್ಳು ಹೆಸರಿನ ಕತ್ತಿಗೆ ಕಾಗದ ಕೊಡಲ್ಲ.

ಕಾಗದ ಬಂದ ತಕ್ಷಣ ಅದರಲ್ಲಿರುವ ಬಾಲದ ಫೋಟೋವನ್ನು ಕತ್ತಿಯ ಬಾಲದ ಪಕ್ಕ ಇಟ್ಟು ನೋಡಿ. ತೂತಿನ ಅಂಚು, ಅರದ ಗೀರುಗಳ ಓರೆ, ಅಕ್ಷರದ ಒಂದೊಂದು ಏಟು ಕೂಡಬೇಕು. ನಕಲಿ ಕಾಗದವೂ ಇದೆ. ಅಸಲಿ ಕಾಗದದ ಜೊತೆ ಬೇರೆ ಕತ್ತಿ ಇಟ್ಟು ಮಾರುವುದೂ ಇದೆ.

ಜಪಾನಿನ ಅಂಗಡಿ

ಆಯ್ಕೆ ಜಾಸ್ತಿ ಬೇಕು ಅಂದರೆ ಜಪಾನಿಗೆ ಸಮ ಬೇರೆ ಯಾವುದೂ ಇಲ್ಲ. ಟೋಕಿಯೊದ ಆಯೊಯಿ ಆರ್ಟ್, ಗಿಂಝಾ ಚೋಶುಯಾ ಇಂಥ ಅಂಗಡಿಗಳು ದಶಕಗಳಿಂದ ನಡೆಯುತ್ತಿವೆ. ಕಾಗದ ಇರುವ ಕತ್ತಿಗಳೇ ಜಾಸ್ತಿ. ಬಾಲದ ಫೋಟೋ, ಹದದ ಗೆರೆಯ ಫೋಟೋ, ದೋಷಗಳ ವಿವರ ಎಲ್ಲ ಹಾಕುತ್ತಾರೆ. ಬೆಲೆಯಲ್ಲೂ ಅನುಕೂಲ ಇದೆ. ಜಪಾನಿನಲ್ಲಿ ಹಾಕುವ 10 ಪರ್ಸೆಂಟ್ ಮಾರಾಟ ತೆರಿಗೆ ಹೊರದೇಶಕ್ಕೆ ಕಳಿಸುವ ಮಾಲಿಗೆ ಇಲ್ಲ. ಹಾಗಾಗಿ ಪುಟದಲ್ಲಿ ಕಾಣುವ ಬೆಲೆ ತೆರಿಗೆ ಸೇರಿಸಿದ್ದೋ ಬಿಟ್ಟದ್ದೋ ಅಂತ ಕೇಳಿಬಿಡಿ.

ಕೆಲಸ ಹೀಗೆ ನಡೆಯುತ್ತದೆ. ನೀವು ದುಡ್ಡು ಕಳಿಸುತ್ತೀರಿ, ಸಾಮಾನ್ಯವಾಗಿ ಬ್ಯಾಂಕಿನಿಂದ ಬ್ಯಾಂಕಿಗೆ. ಅಂಗಡಿಯವರು ಸಾಂಸ್ಕೃತಿಕ ವ್ಯವಹಾರಗಳ ಇಲಾಖೆಗೆ ಅರ್ಜಿ ಹಾಕುತ್ತಾರೆ. ಈ ಕತ್ತಿ ರಾಷ್ಟ್ರದ ಸಂಪತ್ತು ಅಂತ ಗುರುತಾದದ್ದಲ್ಲ, ಹೊರಗೆ ಕಳಿಸಬಹುದು ಅಂತ ಇಲಾಖೆ ಒಂದು ಪತ್ರ ಕೊಡುತ್ತದೆ. ತೊರೊಕುಶೊ ಸರ್ಕಾರಕ್ಕೆ ವಾಪಸ್ ಹೋಗುತ್ತದೆ. ಇದಕ್ಕೆಲ್ಲ ಮೂರ್ನಾಲ್ಕು ವಾರ ಬೇಕು. ಎರಡು ದಿನದಲ್ಲಿ ಕಳಿಸ್ತೀನಿ, ಕಾಗದದ ಗೊಡವೆ ಬೇಡ ಅನ್ನುವವನ ಹತ್ತಿರ ಕೊಳ್ಳಬೇಡಿ. ಹಾಗೆ ಕಳಿಸುವುದು ಜಪಾನಿನಲ್ಲಿ ಅಪರಾಧ.

ಈಗ ನನ್ನ ಪ್ರಶ್ನೆಗೆ ಬರೋಣ. ವಾಪಸ್ ಕೊಡಬಹುದಾ? ತೊಡಕು ಇರುವುದು ಇಲ್ಲೇ. ಕತ್ತಿ ಒಮ್ಮೆ ಜಪಾನ್ ದಾಟಿತು ಅಂದರೆ ಅದಕ್ಕೆ ಅಲ್ಲಿ ನೋಂದಣಿ ಇಲ್ಲ. ಮತ್ತೆ ಒಳಗೆ ಹೋಗಬೇಕಾದರೆ ಕಸ್ಟಮ್ಸ್, ಪೊಲೀಸ್ ಪತ್ರ, ಆಮೇಲೆ ಶಿಕ್ಷಣ ಮಂಡಳಿಯವರ ಮುಂದೆ ಹೊಸದಾಗಿ ಪರೀಕ್ಷೆ. ಹೀಗಾಗಿ ಕೆಲವು ಅಂಗಡಿಯವರು ಹೊರದೇಶದವರಿಂದ ವಾಪಸ್ ತಗೊಳ್ಳುವುದೇ ಇಲ್ಲ. ಕೆಲವರು ತಗೊಳ್ಳುತ್ತಾರೆ, ಆದರೆ ಖರ್ಚು ನಿಮ್ಮದು. ದುಡ್ಡು ಕಳಿಸುವ ಮೊದಲೇ ಇದನ್ನು ಮೇಲ್‌ನಲ್ಲಿ ಬರೆಸಿಕೊಳ್ಳಿ. ಫೋನಿನ ಮಾತು ಸಾಲದು.

ಇದಕ್ಕೆ ನಾನು ಕಂಡುಕೊಂಡ ದಾರಿ ಅಂದರೆ, ಹೋಗಿ ಕೈಯಲ್ಲಿ ಹಿಡಿದು ನೋಡುವುದು. ಹೇಗೂ ಜಪಾನಿಗೆ ಪ್ರವಾಸ ಹೋಗುವವರು ಅರ್ಧ ದಿನ ಇದಕ್ಕೆ ಇಡಿ. ಪ್ರತಿ ವರ್ಷ ಶರತ್ಕಾಲದಲ್ಲಿ ಟೋಕಿಯೊದಲ್ಲಿ ದೈ ತೋಕೆನ್ ಇಚಿ ಅನ್ನುವ ದೊಡ್ಡ ಕತ್ತಿ ಸಂತೆ ನಡೆಯುತ್ತದೆ. ಹತ್ತಾರು ವ್ಯಾಪಾರಿಗಳು ಒಂದೇ ಸೂರಿನಡಿ. ಕೇಳಿದರೆ ಕತ್ತಿ ಕೈಗೆ ಕೊಡುತ್ತಾರೆ. ತಲೆಬಾಗಿ ತಗೊಳ್ಳಿ. ಉಕ್ಕಿಗೆ ಬೆರಳು ತಾಗಿಸಬೇಡಿ. ಅಲಗಿನ ಮೇಲೆ ಬಾಗಿ ಮಾತಾಡಬೇಡಿ, ಎಂಜಲಿನ ಒಂದು ಹನಿ ಸಾಕು ತುಕ್ಕು ಹಿಡಿಯೋಕೆ. ಇಷ್ಟು ಗೊತ್ತಿದ್ದರೆ ಮುಂದಿನ ಕತ್ತಿಯನ್ನು ಅವರೇ ತೆಗೆದು ತೋರಿಸುತ್ತಾರೆ.

ನಿಮ್ಮ ದೇಶದಲ್ಲೇ ಇರುವ ವ್ಯಾಪಾರಿ

ಅಮೆರಿಕ, ಬ್ರಿಟನ್, ಜರ್ಮನಿಯಲ್ಲಿ ಇರುವವರಿಗೆ ಮೊದಲ ಕತ್ತಿಗೆ ನಾನು ಹೇಳುವುದು ಈ ದಾರಿ.

ಎರಡನೇ ಮಹಾಯುದ್ಧದ ಕೊನೆಗೆ ಅಮೆರಿಕದ ಸೈನಿಕರು ಜಪಾನಿನಿಂದ ಲೆಕ್ಕವಿಲ್ಲದಷ್ಟು ಕತ್ತಿ ತಂದರು. ಒಪ್ಪಿಸಿದ ಕತ್ತಿಗಳ ರಾಶಿಯಲ್ಲಿ ಕಾರ್ಖಾನೆಯ ಮಾಲೂ ಇತ್ತು, ದೇವಸ್ಥಾನದ ಸೊತ್ತೂ ಇತ್ತು. ಕಾಗೋಶಿಮಾದ ತೆರುಕುನಿ ದೇಗುಲದಲ್ಲಿದ್ದ, ಕುನಿಮುನೆ ಅನ್ನುವ ಹಳೇ ಕಮ್ಮಾರ ಮಾಡಿದ ಕತ್ತಿ ಹಾಗೇ ಅಮೆರಿಕ ಸೇರಿತ್ತು. ವಾಲ್ಟರ್ ಕಾಂಪ್ಟನ್ ಅನ್ನುವ ಸಂಗ್ರಾಹಕರ ಕೈಗೆ ಅದು ಬಂತು. ಅದು ಯಾವ ಕತ್ತಿ ಅಂತ ಗೊತ್ತಾದ ಮೇಲೆ ಅವರು ಒಂದು ಕಾಸೂ ತಗೊಳ್ಳದೆ 1963ರಲ್ಲಿ ದೇಗುಲಕ್ಕೇ ವಾಪಸ್ ಕೊಟ್ಟರು. ಈ ಕಥೆ ನನಗೆ ತುಂಬಾ ಇಷ್ಟ. ಕತ್ತಿ ಸಂಗ್ರಹಿಸೋದು ಅಂದರೆ ಕೊಳ್ಳೋದಷ್ಟೇ ಅಲ್ಲ ಅಂತ ಅದನ್ನು ಕೇಳಿದಾಗಲೆಲ್ಲ ಅನಿಸುತ್ತದೆ.

ಹೀಗೆ ಆಗಲೇ ಹೊರಗಿರುವ ಕತ್ತಿಗಳನ್ನು ಮಾರುವ ವ್ಯಾಪಾರಿಗಳು ಸಣ್ಣ ಸಂಖ್ಯೆಯಲ್ಲಿದ್ದಾರೆ. ಇವರ ಹತ್ತಿರ ಆಯ್ಕೆ ಕಡಿಮೆ. ಬೆಲೆ ಜಪಾನಿಗಿಂತ ಸ್ವಲ್ಪ ಜಾಸ್ತಿ ಇರಬಹುದು. ಆದರೆ ಕತ್ತಿ ಎರಡು ದಿನದಲ್ಲಿ ಬರುತ್ತದೆ, ನೋಡೋಕೆ ಮೂರೋ ಐದೋ ದಿನ ಕೊಡುತ್ತಾರೆ. ಬೇಡ ಅಂದರೆ ಅದೇ ಪೆಟ್ಟಿಗೆಯಲ್ಲಿ ವಾಪಸ್. ಗಡಿ ಇಲ್ಲ, ಕಸ್ಟಮ್ಸ್ ಇಲ್ಲ, ಹೊಸ ನೋಂದಣಿ ಇಲ್ಲ. ನನ್ನ ಎರಡನೇ ಕತ್ತಿ ಹೀಗೇ ಬಂತು. ಮೂರು ದಿನ ಮೇಜಿನ ಮೇಲೆ ಇಟ್ಟುಕೊಂಡು, ಹಗಲಲ್ಲಿ ಒಮ್ಮೆ, ರಾತ್ರಿ ದೀಪದ ಕೆಳಗೆ ಒಮ್ಮೆ ನೋಡಿದೆ. ಆಮೇಲೆ ಪೂರ್ತಿ ದುಡ್ಡು ಕೊಟ್ಟೆ. ಮೊದಲ ಕತ್ತಿಗಿಂತ ಮೂರು ಪಟ್ಟು ಕೊಟ್ಟರೂ ಮನಸ್ಸಿಗೆ ನೆಮ್ಮದಿ ಇತ್ತು.

ಇನ್ನೊಂದು ಲಾಭ ಇದೆ. ಒಳ್ಳೆಯ ವ್ಯಾಪಾರಿ ತಾನು ಮಾರಿದ ಕತ್ತಿಯನ್ನು ಮುಂದೆ ತಾನೇ ಕೊಳ್ಳುತ್ತಾನೆ, ಇಲ್ಲವೇ ದೊಡ್ಡ ಕತ್ತಿ ಕೊಳ್ಳುವಾಗ ಲೆಕ್ಕಕ್ಕೆ ಹಿಡಿಯುತ್ತಾನೆ. ಎಷ್ಟಕ್ಕೆ ಹಿಡೀತೀರಿ ಅಂತ ಕೊಳ್ಳುವಾಗಲೇ ಕೇಳಿ. ಕೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳುವವನಾದರೆ ಅದೂ ಒಂದು ಉತ್ತರವೇ.

ಕಾಗದವಿಲ್ಲದ ಕತ್ತಿ ಮಾತ್ರ ಇಲ್ಲಿ ಎಚ್ಚರಿಕೆಯ ವಿಷಯ. "ಜಪಾನಿಗೆ ಕಳಿಸಿದ್ರೆ ಖಂಡಿತ ಕಾಗದ ಸಿಗುತ್ತೆ" ಅನ್ನುತ್ತಾರೆ. ಅಷ್ಟು ಖಂಡಿತ ಆಗಿದ್ದರೆ ಅವರೇ ಕಳಿಸುತ್ತಿದ್ದರು, ಅಲ್ವಾ? ಕಳಿಸಬೇಕಾದರೆ ಜಪಾನಿನಲ್ಲಿ ಒಬ್ಬ ಏಜೆಂಟ್ ಬೇಕು. ಕಸ್ಟಮ್ಸ್, ನೋಂದಣಿ, ಪರೀಕ್ಷೆಯ ಸರದಿ, ಫಲಿತಾಂಶ, ಮತ್ತೆ ಹೊರಗೆ ಕಳಿಸುವ ಅನುಮತಿ, ಎಲ್ಲ ಸೇರಿ ಒಂದು ವರ್ಷ ಸಲೀಸಾಗಿ ಹೋಗುತ್ತದೆ. ಯುದ್ಧಕಾಲದಲ್ಲಿ ಕಾರ್ಖಾನೆಯಲ್ಲಿ ಎಣ್ಣೆಗೆ ಅದ್ದಿ ಹದ ಮಾಡಿದ ಕತ್ತಿಗಳನ್ನಂತೂ ಕಳಿಸಲೇಬಾರದು. ಅವು ಜಪಾನಿನ ಕಾನೂನಿಗೆ ಕಲೆಯ ವಸ್ತುವಲ್ಲ, ಬರೀ ಆಯುಧ. ನೋಂದಣಿ ಸಿಗಲ್ಲ, ಕತ್ತಿಯೂ ವಾಪಸ್ ಬರಲ್ಲ.

ಹರಾಜುಗಳು

ಆನ್‌ಲೈನ್ ಹರಾಜಿನ ಬಗ್ಗೆ ಮೇಲೆ ಹೇಳಿದ್ದೇನೆ. ಹೊಸಬರಿಗೆ ಬೇಡ. ಅಂಗಡಿಗಳಲ್ಲಿ ಬಿಕರಿಯಾಗದ್ದು, ಪರೀಕ್ಷೆಯಲ್ಲಿ ಬಿದ್ದದ್ದು ಕೊನೆಗೆ ಸೇರುವ ಜಾಗ ಅದು. ಹತ್ತು ವರ್ಷ ಕಣ್ಣು ಪಳಗಿದವರಿಗೆ ಅಲ್ಲೂ ಒಳ್ಳೆಯದು ಸಿಗುತ್ತದೆ, ಅದು ನಿಜ. ಆದರೆ ನಾವು ಆ ಪಳಗಿದವರ ಎದುರೇ ಬೆಲೆ ಕೂಗುತ್ತಿರುತ್ತೇವೆ. ಅವರು ಬಿಟ್ಟದ್ದು ನಮಗೆ ಬರುತ್ತದೆ.

ದೊಡ್ಡ ಹರಾಜು ಸಂಸ್ಥೆಗಳ ಮಾತು ಬೇರೆ. ಕ್ರಿಸ್ಟೀಸ್ 1992ರಲ್ಲಿ ನ್ಯೂಯಾರ್ಕಿನಲ್ಲಿ ಅದೇ ಕಾಂಪ್ಟನ್ ಅವರ ಸಂಗ್ರಹ ಮಾರಿತು. ಇವತ್ತಿಗೂ "ಕಾಂಪ್ಟನ್ ಸಂಗ್ರಹದ್ದು" ಅಂದರೆ ಆ ಕತ್ತಿಗೆ ಬೇರೆಯೇ ಮರ್ಯಾದೆ. ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನುವ ಚರಿತ್ರೆ ಬೇಕಾದವರಿಗೆ ಇದು ಒಳ್ಳೆಯ ಜಾಗ. ಹರಾಜಿಗೆ ಮುಂಚೆ ಪ್ರದರ್ಶನ ಇರುತ್ತದೆ, ಹೋಗಿ ನೋಡಬಹುದು. ಕೂಗಿದ ಬೆಲೆಯ ಮೇಲೆ ಸಂಸ್ಥೆಯ ಪಾಲು ಬೇರೆ ಸೇರುತ್ತದೆ, ನಾಲ್ಕನೇ ಒಂದು ಭಾಗದ ಆಸುಪಾಸು. ಅದನ್ನು ಸೇರಿಸಿಯೇ ನಿಮ್ಮ ಮಿತಿ ಹಾಕಿಕೊಳ್ಳಿ. ಬಿರುಕಿದೆ, ಸವೆದಿದೆ ಅಂತ ಆಮೇಲೆ ವಾಪಸ್ ಕೊಡೋಕೆ ಬಹುಪಾಲು ಆಗಲ್ಲ.

ಉದ್ದವೋ ಗಿಡ್ಡವೋ, ಹೆಸರಿದ್ದದ್ದೋ ಇಲ್ಲದ್ದೋ

ಅಲಗು ಸುಮಾರು 60 ಸೆಂಟಿಮೀಟರ್ ದಾಟಿದರೆ ಕಟಾನ. 30ರಿಂದ 60ರವರೆಗೆ ವಾಕಿಝಾಶಿ. ಅದಕ್ಕಿಂತ ಗಿಡ್ಡದ್ದು ತಾಂತೊ. ಎಲ್ಲರಿಗೂ ಕಟಾನವೇ ಬೇಕು. ಅದಕ್ಕೇ ಅದರ ಬೆಲೆ ಜಾಸ್ತಿ. ಜಪಾನಿನ ಅಂಗಡಿಗಳಲ್ಲಿ ಹೊಝೊನ್ ಕಾಗದದ ವಾಕಿಝಾಶಿ 3-5 ಲಕ್ಷ ಯೆನ್‌ಗೆ ಸಿಕ್ಕರೆ, ಅದೇ ಗುಣದ ಕಟಾನಕ್ಕೆ ಅದರ ಎರಡರಷ್ಟು, ಇನ್ನೂ ಜಾಸ್ತಿ ಕೊಡಬೇಕು. ಕಮ್ಮಾರ ಅವನೇ, ಉಕ್ಕು ಅದೇ. ನನ್ನ ಕೇಳಿದರೆ, ಸಾಧಾರಣ ಕಟಾನಕ್ಕಿಂತ ಒಳ್ಳೆಯ ವಾಕಿಝಾಶಿ ಮೇಲು. ನೋಡಿ ಕಲಿಯೋಕೆ ಅದರಲ್ಲಿ ಜಾಸ್ತಿ ಸಿಗುತ್ತದೆ.

ಹೆಸರಿನ ವಿಷಯದಲ್ಲಿ ಹೊಸಬರ ಲೆಕ್ಕ ತಪ್ಪುತ್ತದೆ. ಹೆಸರು ಕೆತ್ತಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಕಮ್ಮಿ ಅಂದುಕೊಳ್ಳುತ್ತಾರೆ. 13-14ನೇ ಶತಮಾನದ ತಾಚಿ ಅನ್ನುವ ಉದ್ದನೆಯ ಕತ್ತಿಗಳನ್ನು ಮುಂದಿನ ಕಾಲದವರು ತಮ್ಮ ಅನುಕೂಲಕ್ಕೆ ಬಾಲದ ಕಡೆಯಿಂದ ಕತ್ತರಿಸಿ ಗಿಡ್ಡ ಮಾಡಿದರು. ಕೆತ್ತಿದ ಹೆಸರು ಆ ತುಂಡಿನ ಜೊತೆ ಹೋಯಿತು. ಹಾಗಾಗಿ ಹೆಸರಿಲ್ಲದ ಹಳೇ ಕತ್ತಿ, ತಜ್ಞರ ಕಾಗದ ಇದ್ದರೆ, ಅನುಮಾನದ ಹೆಸರಿರುವ ಕತ್ತಿಗಿಂತ ಎಷ್ಟೋ ಮೇಲು. ಕಾಗದದಲ್ಲಿ ಹೆಸರಿನ ಮುಂದೆ ದೆನ್ ಅಂತ ಇದ್ದರೆ, ಆ ಪರಂಪರೆಯದು ಅಂತ ಹೇಳಬಹುದು, ಒಂದೆರಡು ಲಕ್ಷಣ ಪೂರ್ತಿ ಕೂಡಲ್ಲ ಅಂತ ಅರ್ಥ.

ಒಂದೇ ಹೆಸರು ಎಷ್ಟೋ ಜನರದ್ದು ಅನ್ನುವುದನ್ನೂ ನೆನಪಿಡಿ. ಬಿಝೆನ್ ಸೀಮೆಯ ಒಸಾಫುನೆ ಊರಲ್ಲಿ ಸುಕೆಸದಾ ಅನ್ನುವ ಹೆಸರಿನ ಕಮ್ಮಾರರು ತುಂಬಾ ಜನ ಇದ್ದರು. 16ನೇ ಶತಮಾನದ ಯುದ್ಧಗಳ ಕಾಲದಲ್ಲಿ ಸಿಪಾಯಿಗಳಿಗೆ ರಾಶಿ ರಾಶಿ ಮಾಡಿಕೊಟ್ಟರು. ಅದೇ ಊರಲ್ಲಿ ಯೊಸೊಝಾಯೆಮೊನ್‌ನೊಜೊ ಸುಕೆಸದಾ ಅಂತ ತನ್ನ ಸ್ವಂತ ಹೆಸರನ್ನೂ ಸೇರಿಸಿ ಕೆತ್ತಿದವನ ಕತ್ತಿ ಬೇರೆಯದೇ ದರ್ಜೆ. ಮಾರುವವನು "ಸುಕೆಸದಾ" ಅಂದರೆ, ಯಾವ ಸುಕೆಸದಾ ಅಂತ ಕೇಳಿ.

ಒರೆಯ ವಿಷಯ ಚಿಕ್ಕದು. ಕೆಲವು ಕತ್ತಿ ಬಣ್ಣದ ಒರೆ, ದಾರ ಸುತ್ತಿದ ಹಿಡಿ ಎಲ್ಲದರ ಜೊತೆ ಬರುತ್ತವೆ. ಅದು ಕೊಶಿರಾಯೆ. ಕೆಲವು ಬಿಳೀ ಮರದ ಸಾದಾ ಒರೆಯಲ್ಲಿ ಬರುತ್ತವೆ. ಅದು ಶಿರಸಾಯ. ಹೊಸಬರಿಗೆ ಬಣ್ಣದ್ದೇ ಚೆಂದ ಕಾಣುತ್ತದೆ. ಅಲಗಿನ ಆರೋಗ್ಯಕ್ಕೆ ಶಿರಸಾಯವೇ ಒಳ್ಳೆಯದು. ಅದನ್ನು ಎರಡು ಹೋಳು ಮಾಡಿ, ಅನ್ನವನ್ನು ನುಣ್ಣಗೆ ಅರೆದ ಅಂಟಿನಿಂದ ಕೂಡಿಸಿರುತ್ತಾರೆ. ಒಳಗೆ ತುಕ್ಕು, ಕಸ ಸೇರಿದರೆ ಬಿಡಿಸಿ ಚೊಕ್ಕ ಮಾಡಬಹುದು ಅಂತ.

ತುಕ್ಕು ಹಿಡಿದ ಕತ್ತಿ ಅಗ್ಗಕ್ಕೆ ಸಿಕ್ಕಿತು, ಸಾಣೆ ಹಿಡಿಸಿದರಾಯಿತು ಅನ್ನುವ ಲೆಕ್ಕವನ್ನು ದಯವಿಟ್ಟು ಹಾಕಬೇಡಿ. ತರಬೇತಾದ ಸಾಣೆಗಾರ ಕಲ್ಲಿನ ಮೇಲೆ ಕಲ್ಲು ಬದಲಿಸುತ್ತಾ, ಕೊನೆಗೆ ಉಗುರಿನ ಗಾತ್ರದ ಕಲ್ಲಿನ ಚೂರನ್ನು ಹೆಬ್ಬೆರಳಲ್ಲಿ ಒತ್ತಿ ಉಜ್ಜುತ್ತಾನೆ. ಒಂದು ಕಟಾನಕ್ಕೆ ಕೆಲವು ಲಕ್ಷ ಯೆನ್ ಆಗುತ್ತದೆ, ತಿಂಗಳುಗಟ್ಟಲೆ ಕಾಯಬೇಕು. ಪ್ರತಿ ಸಾಣೆಗೂ ಉಕ್ಕು ಸ್ವಲ್ಪ ಸವೆಯುತ್ತದೆ. ಮನೆಯಲ್ಲಿ ಉಪ್ಪುಕಾಗದ ಹಿಡಿದು ಉಜ್ಜಿದವರು ಏಳು ನೂರು ವರ್ಷ ಉಳಿದದ್ದನ್ನು ಒಂದು ಸಂಜೆಯಲ್ಲಿ ಕಳೆದಿದ್ದಾರೆ. ಬಾಲದ ತುಕ್ಕನ್ನಂತೂ ಮುಟ್ಟಲೇಬೇಡಿ. ಕತ್ತಿಯ ವಯಸ್ಸು ಹೇಳುವುದೇ ಆ ಕಪ್ಪು ತುಕ್ಕು.

ಫೋಟೋದಲ್ಲಿ ಏನು ಕೇಳಬೇಕು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ದೂರದಿಂದ ಕೊಳ್ಳುವವರು ಇಲ್ಲೇ ಎಡವುತ್ತಾರೆ.

ಕತ್ತಿಯ ಬಾಯಿಯುದ್ದಕ್ಕೂ ಬಿಳೀ ಪಟ್ಟಿ ಕಾಣುತ್ತದಲ್ಲ, ಅದನ್ನೇ ಹದದ ಗೆರೆ, ಅಂದರೆ ಹಾಮೊನ್ ಅಂದುಕೊಳ್ಳುತ್ತೇವೆ. ಫೋಟೋದಲ್ಲಿ ಕಾಣುವ ಆ ಬಿಳುಪು ಎಷ್ಟೋ ಸಲ ಸಾಣೆಗಾರ ಕಲ್ಲಿನಿಂದ ತಂದದ್ದು. ನಿಜವಾದ ಗೆರೆ ಅದರೊಳಗೆ ಅಡಗಿರುತ್ತದೆ. ಕೋಣೆಯ ದೀಪ ಆರಿಸಿ, ಒಂದೇ ಒಂದು ಬಲ್ಬ್ ಹಚ್ಚಿ, ಅಲಗನ್ನು ಅದರ ಕಡೆ ಚಾಚಿ ನೋಡಿ. ಕೋನ ಸ್ವಲ್ಪ ಬದಲಾದಾಗ ಬಿಳುಪು ಮಾಯವಾಗಿ, ಅದರ ಜಾಗದಲ್ಲಿ ಮಂಜಿನ ಅಂಚಿನಂಥ ಹೊಳೆಯುವ ಎಳೆಯೊಂದು ಮೂಡುತ್ತದೆ. ಅಲ್ಲಲ್ಲಿ ಸಣ್ಣ ಚುಕ್ಕಿಗಳು ಮಿನುಗುತ್ತವೆ. ಮೊದಲ ಸಲ ಅದನ್ನು ಕಂಡಾಗ ನಾನು ಉಸಿರು ಬಿಗಿಹಿಡಿದಿದ್ದೆ. ಅದಕ್ಕೆ ಹೇಳುವುದು, ದೀಪದ ಎದುರು ಓರೆಯಾಗಿ ಹಿಡಿದು ತೆಗೆದ ಫೋಟೋ ಕೇಳಿ, ಇಲ್ಲವೇ ಅಲಗನ್ನು ನಿಧಾನವಾಗಿ ತಿರುಗಿಸುವ ವಿಡಿಯೋ ಕೇಳಿ. ಆ ಹೊಳೆಯುವ ಎಳೆ ಎಲ್ಲಾದರೂ ತುಂಡಾಗಿದೆಯಾ, ಮೊನೆಯವರೆಗೂ ಹೋಗಿ ಬೆನ್ನಿನ ಕಡೆ ತಿರುಗುತ್ತದಾ ನೋಡಿ. ಮೊನೆಯಲ್ಲಿ ಗೆರೆ ಇಲ್ಲ ಅಂದರೆ ಕತ್ತಿ ಮುರಿದು ಮತ್ತೆ ಮೊನೆ ಮಾಡಿದ್ದಿರಬಹುದು.

"ಹಾಗಿರೆ ಇದೆಯಾ?" ಅಂತ ನೇರವಾಗಿ ಬರೆದು ಕೇಳಿ. ಇಲ್ಲ ಅಂತ ಬರೆದು ಕೊಟ್ಟ ಮೇಲೆ ಅವರ ಮಾತಿಗೆ ಅವರೇ ಹೊಣೆ.

ನನ್ನ ಎರಡನೇ ಕತ್ತಿ ಹಿಜೆನ್ ಸೀಮೆಯದು, ಈಗಿನ ಸಾಗಾ, ನಾಗಸಾಕಿ ಕಡೆ. ಅಲ್ಲಿನ ಕಮ್ಮಾರರ ಉಕ್ಕಿನ ಮೈಯನ್ನು ಕೊನುಕ ಅಂತ ಕರೆಯುತ್ತಾರೆ. ಕೊನುಕ ಅಂದರೆ ಅಕ್ಕಿಯ ತೌಡು. ದೀಪದ ಕೆಳಗೆ ನೋಡಿದರೆ ನಿಜಕ್ಕೂ ನುಣುಪಾದ ತೌಡು ಉದುರಿಸಿದ ಹಾಗೇ ಇದೆ. ಉಕ್ಕಿಗೆ ಹಚ್ಚುವ ಎಣ್ಣೆ ಚೋಜಿ, ಅಂದರೆ ಲವಂಗದ್ದು. ಲವಂಗದ ಹೂವಿನ ಹಾಗೆ ಏರಿಳಿಯುವ ಹದದ ಗೆರೆಗೂ ಚೋಜಿ ಅಂತಲೇ ಹೆಸರು. ಅಡುಗೆಮನೆಯ ಮಾತುಗಳಲ್ಲಿ ಇಷ್ಟು ಸೂಕ್ಷ್ಮವನ್ನು ಹೇಳುತ್ತಾರಲ್ಲ ಅಂತ ಖುಷಿಯಾಗುತ್ತದೆ. ನಮ್ಮ ಮೈಸೂರು ಸೀಮೆಯಲ್ಲೂ ಮೂಸೆಯಲ್ಲಿ ಕರಗಿಸಿದ ಉಕ್ಕು ಒಂದು ಕಾಲಕ್ಕೆ ಲೋಕಕ್ಕೆಲ್ಲ ಗೊತ್ತಿತ್ತು. ಹೊರದೇಶದವರು ಅದನ್ನು ಕರೆಯುವ ವೂಟ್ಸ್ ಅನ್ನುವ ಮಾತು ಕನ್ನಡದ ಉಕ್ಕಿನಿಂದಲೇ ಬಂದದ್ದು ಅನ್ನುತ್ತಾರೆ. ಜಪಾನಿನವರದ್ದು ಬೇರೆ ದಾರಿ. ಕಬ್ಬಿಣದ ಮರಳನ್ನು ಇದ್ದಿಲಿನ ಜೊತೆ ಮಣ್ಣಿನ ಕುಲುಮೆಯಲ್ಲಿ ಮೂರು ದಿನ ಮೂರು ರಾತ್ರಿ ಕಾಯಿಸಿ ತಮಾಹಗಾನೆ ಅನ್ನುವ ಉಕ್ಕು ತೆಗೆಯುತ್ತಾರೆ. ಶಿಮಾನೆಯ ಒಕುಯಿಝುಮೊದಲ್ಲಿ 1977ರಿಂದ ಎನ್‌ಬಿಟಿಎಚ್‌ಕೆ ಆ ಕುಲುಮೆಯನ್ನು ಮತ್ತೆ ನಡೆಸುತ್ತಿದೆ. ಇವತ್ತಿನ ಕಮ್ಮಾರರಿಗೆ ಉಕ್ಕು ಸಿಗುವುದು ಅಲ್ಲಿಂದ. ಹಳೆಯದೇ ಬೇಕು ಅಂತಿಲ್ಲದವರು ಈ ಕಮ್ಮಾರರ ಹೊಸ ಕತ್ತಿಯನ್ನೂ ಯೋಚಿಸಬಹುದು. ಒಬ್ಬ ಕಮ್ಮಾರ ತಿಂಗಳಿಗೆ ಎರಡು ಉದ್ದ ಕತ್ತಿ, ಇಲ್ಲವೇ ಮೂರು ಗಿಡ್ಡ ಕತ್ತಿ ಮಾತ್ರ ಮಾಡಬಹುದು ಅಂತ ನಿಯಮ ಇದೆ. ಹೆಸರು ಸುಳ್ಳೋ ನಿಜವೋ ಅನ್ನುವ ಚಿಂತೆಯೇ ಅಲ್ಲಿಲ್ಲ.

ನೀವಿರುವ ದೇಶದ ಕಾನೂನು

ಬ್ರಿಟನ್‌ನಲ್ಲಿ 2008ರಿಂದ 50 ಸೆಂಟಿಮೀಟರ್ ಅಥವಾ ಅದಕ್ಕಿಂತ ಉದ್ದದ ಬಾಗಿದ ಕತ್ತಿ ಮಾರುವಂತಿಲ್ಲ, ತರಿಸುವಂತಿಲ್ಲ. ಆದರೆ ಸಾಂಪ್ರದಾಯಿಕವಾಗಿ ಕೈಯಲ್ಲಿ ಮಾಡಿದ್ದಕ್ಕೆ ವಿನಾಯಿತಿ ಇದೆ. ಹಾಗಾಗಿ ಅಸಲಿ ಜಪಾನಿ ಕತ್ತಿಗೆ ತೊಂದರೆ ಇಲ್ಲ, ಅದು ಅಸಲಿ ಅಂತ ತೋರಿಸುವ ಕಾಗದ ಪೆಟ್ಟಿಗೆಯ ಹೊರಗೇ ಅಂಟಿಸಿರಲಿ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಕತ್ತಿ ನಿಷೇಧಿತ ಆಯುಧ. ಮಾನ್ಯತೆ ಪಡೆದ ಸಂಗ್ರಾಹಕರ ಸಂಘದ ಸದಸ್ಯತ್ವದಂಥ ವಿನಾಯಿತಿ ಮೊದಲು, ಕತ್ತಿ ಆಮೇಲೆ. ಎಲ್ಲೇ ಇದ್ದರೂ ಇನ್‌ವಾಯ್ಸ್‌ನಲ್ಲಿ 100 ವರ್ಷ ದಾಟಿದ ಪುರಾತನ ವಸ್ತು ಅಂತ ಕಾಲದ ಸಮೇತ ಬರೆಸಿ. ಸುಂಕದಲ್ಲಿ ದೊಡ್ಡ ವ್ಯತ್ಯಾಸ ಆಗಬಹುದು. ಹಿಡಿಯಲ್ಲಿ, ಒರೆಯಲ್ಲಿ ದಂತದ ಚೂರೇನಾದರೂ ಇದ್ದರೆ ಅದಕ್ಕೆ ಬೇರೆಯೇ ಕಾನೂನು. ಅಂಥದ್ದನ್ನು ಗಡಿ ದಾಟಿಸಲು ಹೋಗಬೇಡಿ.

ಊರಲ್ಲಿರುವವರಿಗೆ ನನ್ನ ಮಾತು ಬೇರೆ. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಹರಿತವಾದ ಆಯುಧಗಳೂ ಆಯುಧವೇ. 10ನೇ ಕಲಮಿನ ಪ್ರಕಾರ ಲೈಸೆನ್ಸ್ ಇಲ್ಲದೆ ಯಾವ ಆಯುಧವನ್ನೂ ದೇಶದೊಳಗೆ ತರುವಂತಿಲ್ಲ. "ಡೆಕೋರೇಟಿವ್ ಐಟಂ ಅಂತ ಬರೆದು ಕಳಿಸ್ತೀನಿ" ಅನ್ನುವ ಮಾರಾಟಗಾರ ನಿಮಗೆ ಉಪಕಾರ ಮಾಡುತ್ತಿಲ್ಲ. ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದರೆ ಕತ್ತಿಯೂ ಹೋಯಿತು, ಕೇಸೂ ಬಂತು. ಅವನಿಗೆ ದುಡ್ಡು ಆಗಲೇ ಸೇರಿರುತ್ತದೆ. ಲೈಸೆನ್ಸ್ ಮತ್ತು ಕಸ್ಟಮ್ಸ್, ಎರಡೂ ಕಡೆಯಿಂದ ಲಿಖಿತ ಉತ್ತರ ಬರುವವರೆಗೆ ಒಂದು ಯೆನ್ ಕೂಡ ಕಳಿಸಬೇಡಿ.

ಬೆಂಗಳೂರಲ್ಲಿರುವ ನನ್ನ ಸೋದರಮಾವನ ಮಗನಿಗೆ ನಾನು ಹೇಳಿದ್ದು ಬೇರೆ ದಾರಿ. ತ್ಸುಬಾ ಕೊಳ್ಳು ಅಂದೆ. ಹಿಡಿಗೂ ಅಲಗಿಗೂ ನಡುವೆ ಇರುವ ಲೋಹದ ಬಿಲ್ಲೆ ಅದು. ಏಳೆಂಟು ಸೆಂಟಿಮೀಟರ್ ಅಗಲ, ಕೈ ಮುಚ್ಚಿದರೆ ಕಾಣದಷ್ಟು. ಅದಕ್ಕೆ ತೊರೊಕುಶೊ ಬೇಕಿಲ್ಲ, ಅದರಲ್ಲಿ ಬಾಯಿಯೇ ಇಲ್ಲ. ಎನ್‌ಬಿಟಿಎಚ್‌ಕೆ ಇದಕ್ಕೂ ಹೊಝೊನ್ ಕಾಗದ ಕೊಡುತ್ತದೆ. ಅವನು ಕೊಂಡದ್ದು ಎಡೊ ಕಾಲದ, ಅಂದರೆ 17-19ನೇ ಶತಮಾನದ ಕಬ್ಬಿಣದ ತ್ಸುಬಾ. ಅದರ ತುಂಬಾ ಕೊಕ್ಕರೆಯೊಂದು ರೆಕ್ಕೆ ಬಿಚ್ಚಿದೆ. ಸುತ್ತಲಿನ ಕಬ್ಬಿಣ ಕೊರೆದು ತೆಗೆದು, ಹಕ್ಕಿಯನ್ನು ಮಾತ್ರ ಉಳಿಸಿದ್ದಾರೆ. ಅವನ ಅಮ್ಮ ಅದನ್ನು ನೋಡಿ, "ಇದರ ಕಪ್ಪು ನಮ್ಮ ಹಳೇ ದೋಸೆ ಹೆಂಚಿನ ಹಾಗಿದೆಯಲ್ಲೋ" ಅಂದರಂತೆ. ತ್ಸುಬಾದ ಕಬ್ಬಿಣ ಚೆನ್ನಾಗಿದೆಯಾ ಅಂತ ನೋಡುವವರು ಹುಡುಕುವುದೂ ಅಂಥ ಕಪ್ಪನ್ನೇ. ಕೈ ತಾಗಿ ತಾಗಿ ಪಳಗಿದ, ಒಳಗಿನಿಂದ ಮಿರುಗುವ ಕಪ್ಪು.